ಮೆಟ್ಟುಗತ್ತಿಯ ಮುಂದೆ ಸೊಂಟ, ಹೆಬ್ಬೆರಳು, ಕಣ್ಣು

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ರಾತ್ರಿ ಊಟವಾದ ಮೇಲೂ ಮೆಟ್ಟುಗತ್ತಿಯ (ಹಲಗೆಗೆ ಅಲಗು ನಿಲ್ಲಿಸಿದ ಕತ್ತಿ) ಮುಂದೆ ಕೂತು ಹಸಿ ಅಡಿಕೆ ಸುಲಿಯುವ ಕೆಲಸ ನಡೆದೇ ಇರುತ್ತದೆ. ಸೊಂಟ ಹಿಡಿದುಕೊಂಡು ಏಳುವುದು, ಉರಿಯುವ ಕಣ್ಣು ಉಜ್ಜಿಕೊಳ್ಳುವುದು ಹಂಗಾಮಿನ ಭಾಗವೇ ಎಂಬಂತೆ ಆಗಿಬಿಟ್ಟಿದೆ. ಇಲ್ಲಿ ಬರೆಯುತ್ತಿರುವುದು ನಿನ್ನೆ ಮೊನ್ನೆ ಉಳುಕಿದ್ದರ ಬಗ್ಗೆ ಅಲ್ಲ. 3 ತಿಂಗಳು ದಾಟಿಯೂ ಬಿಡದ, ಡಾಕ್ಟರು ಒಮ್ಮೆ ನೋಡಿ 'ಅಪಾಯವೇನಿಲ್ಲ' ಎಂದು ಕಳಿಸಿದ ನೋವಿನ ಬಗ್ಗೆ.

ಇಂಥ ನೋವಿಗೆ ದೊಡ್ಡ ಶತ್ರು 'ಇದೊಂದು ಬುಟ್ಟಿ ಮುಗೀಲಿ' ಎಂಬ ಮಾತು. ನೋವು ಜೋರಾಗುವವರೆಗೆ ಕೂರುವುದು, ಮರುದಿನ ಹಾಸಿಗೆ ಹಿಡಿಯುವುದು, ಸ್ವಲ್ಪ ಹಗುರಾದ ಕೂಡಲೇ ಬಾಕಿ ಕೆಲಸವನ್ನೂ ಸೇರಿಸಿ ಎಳೆಯುವುದು. ಹೀಗೆ ಮಾಡುತ್ತ ಹೋದರೆ ವಾರ ಕಳೆದಂತೆ ಕೂರುವ ಶಕ್ತಿಯೇ ಕುಗ್ಗುತ್ತದೆ. ನೋವು ಬರುವ ಮೊದಲೇ ಏಳಬೇಕು, ಗಡಿಯಾರ ನೋಡಿ ಏಳಬೇಕು. ಮೂರು ದಿನ ಕುಳಿತು ಎಷ್ಟು ಹೊತ್ತಿಗೆ ನೋವು ಶುರುವಾಗುತ್ತದೆ ಎಂದು ಬರೆದಿಡಿ. 40, 50, 30 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ 40. ಅದರಲ್ಲಿ ಐದನೇ ಒಂದು ಪಾಲು ಕಳೆದರೆ 32. ಅಲ್ಲಿಗೆ 30 ನಿಮಿಷ ನಿಮ್ಮ ಅಳತೆ. ಮೊಬೈಲಿನಲ್ಲಿ ಅಲಾರಾಂ ಇಡಿ. ಹೊಡೆದಾಗ ಆರಾಮವಾಗಿದ್ದರೂ ಎದ್ದು ಅಂಗಳದಲ್ಲಿ ಐದು ನಿಮಿಷ ಓಡಾಡಿ. ಎರಡೂ ಕೈ ಸೊಂಟಕ್ಕಿಟ್ಟು ಮೆಲ್ಲಗೆ ನಾಲ್ಕೈದು ಸಲ ಹಿಂದಕ್ಕೆ ಬಾಗಿ. ವಾರ ಸಲೀಸಾಗಿ ಹೋದರೆ ಮುಂದಿನ ವಾರ 3 ನಿಮಿಷ ಹೆಚ್ಚಿಸಿ, ಅದಕ್ಕಿಂತ ಹೆಚ್ಚು ಬೇಡ. ಆರಾಮವಿದ್ದಾಗ ಏಳುವುದೇ ಎಲ್ಲಕ್ಕಿಂತ ಕಷ್ಟ. ಸುತ್ತ ಕೂತವರು ನಗುತ್ತಾರೆ, ನಗಲಿ.

ನೆಲಕ್ಕೆ ಕೂತರೆ ಮೊಣಕಾಲು ಮೇಲಾಗಿ ಸೊಂಟ ಹಿಂದಕ್ಕೆ ಕುಸಿಯುತ್ತದೆ, ಬೆನ್ನು ಬಿಲ್ಲಾಗುತ್ತದೆ. ಮಣೆಯ ಮೇಲೆ ಗೋಣಿಚೀಲ ಮಡಚಿ ಹಾಕಿ ಮೂರು ನಾಲ್ಕು ಇಂಚು ಎತ್ತರಿಸಿಕೊಂಡರೆ ಸೊಂಟ ತಾನಾಗಿ ನೆಟ್ಟಗಾಗುತ್ತದೆ. ಆದರೆ ಕೂರುವ ಜಾಗ ಮಾತ್ರ ಏರಿಸಿ ಕತ್ತಿಯನ್ನು ಇದ್ದಲ್ಲೇ ಬಿಟ್ಟರೆ ಕುತ್ತಿಗೆ ಇನ್ನಷ್ಟು ಬಗ್ಗುತ್ತದೆ. ಕತ್ತಿಯ ಹಲಗೆಯ ಕೆಳಗೂ ಅಷ್ಟೇ ಎತ್ತರದ, ಅಲುಗಾಡದ ಮರದ ತುಂಡು ಬೇಕು.

ಹೆಬ್ಬೆರಳಿನ ಬುಡದ ನೋವಿಗೆ ಅರ್ಧ ಕಾರಣ ಮೊಂಡು ಕತ್ತಿ. ಅಲಗು ಹರಿತವಿಲ್ಲದಿದ್ದರೆ ಒತ್ತುವ ಬಲವೆಲ್ಲ ಹೆಬ್ಬೆರಳಿನಿಂದಲೇ ಬರಬೇಕು. ದಿನಾ ಕೂರುವ ಮೊದಲು ಮಸೆದುಕೊಳ್ಳಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಗ್ಗಿಸಿದಾಗ ಜೀವ ಹೋಗುವಂತೆ ಚಳುಕು ಬಂದರೆ ಅಲ್ಲಿನ ಸ್ನಾಯುರಜ್ಜುವಿನ ಹೊದಿಕೆ ಊದಿರುವ ಸಾಧ್ಯತೆ ಹೆಚ್ಚು. ಅದನ್ನು ಎಣ್ಣೆ ಹಾಕಿ ತಿಕ್ಕಿದರೆ ಕೆರಳುತ್ತದೆ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕಟ್ಟಿ ಕೆಲವು ವಾರ ಆ ಕೈಗೆ ಬಿಡುವು ಕೊಡಬೇಕು.

ಹಳೆಯ ನೋವಿಗೆ ಶಾಖ ಒಳ್ಳೆಯದು. ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ದಪ್ಪ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಿ, ಆಮೇಲೆ 15 ನಿಮಿಷ. ಶುಗರ್ ಇದ್ದು ಸ್ಪರ್ಶ ಮಂದವಾದವರು ಇದನ್ನು ಮಾಡಬಾರದು, ಸುಟ್ಟಿದ್ದೇ ತಿಳಿಯುವುದಿಲ್ಲ.

ಕಣ್ಣಿನ ವಿಷಯದಲ್ಲಿ ಮೊದಲು ಬಲ್ಬು. ತಲೆಯ ಹಿಂದೆ ಎಂಟು ಅಡಿ ದೂರದಲ್ಲಿ ತೂಗುವ ಬಲ್ಬು ನಿಮ್ಮ ತಲೆಯ ನೆರಳನ್ನೇ ಅಡಿಕೆಯ ಮೇಲೆ ಬೀಳಿಸುತ್ತದೆ. ಅದೇ 9 ವ್ಯಾಟಿನ ಬಲ್ಬನ್ನು ವೈರು ಎಳೆದು ಎಡ ಮುಂಭಾಗಕ್ಕೆ, ಕೈಯಿಂದ ನಾಲ್ಕು ಅಡಿಗೆ ತಂದರೆ ಬೆಳಕು ಸುಮಾರು ನಾಲ್ಕು ಪಟ್ಟು. ಬರಿ ಬಲ್ಬು ಕಣ್ಣಿಗೆ ಹೊಡೆಯದಂತೆ ಮರೆ ಕಟ್ಟಿ, ಅಲಗು ಫಳಫಳ ಅಂದರೆ ಬಲ್ಬನ್ನು ಅರ್ಧ ಅಡಿ ಸರಿಸಿ.

ಆಮೇಲೆ ಕನ್ನಡಕ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರದ ಪುಸ್ತಕಕ್ಕೆ ಕೊಟ್ಟಿರುತ್ತಾರೆ. ಕತ್ತಿಯ ಅಲಗು 60 ಸೆಂ.ಮೀ. ದೂರವಿದ್ದರೆ ಮಸುಕು. ಆಗ ಗೊತ್ತಾಗದಂತೆ ಬಗ್ಗುತ್ತೀರಿ. ಕುತ್ತಿಗೆ ನೋವಿಗೆ ಕನ್ನಡಕ ಕಾರಣ ಎಂದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ದೂರದ ದೃಷ್ಟಿ ಸರಿಯಿದ್ದು ಓದಲು +2.00 ಹಾಕುವವರಿಗೆ 60 ಸೆಂ.ಮೀ.ಗೆ +1.25ರ ಆಸುಪಾಸು ಸಾಕಾಗುತ್ತದೆ. ಟೇಪು ಹಿಡಿದು ಅಳೆದ ದೂರವನ್ನು ಕಣ್ಣು ಪರೀಕ್ಷೆ ಮಾಡುವವರಿಗೆ ಹೇಳಿ, ಬರೀ 'ಹತ್ತಿರದ್ದು ಕಾಣುವುದಿಲ್ಲ' ಎನ್ನಬೇಡಿ. ಓದುವ ಕನ್ನಡಕ ಹಾಕಿ ಕಂಪ್ಯೂಟರಿನ ಮುಂದೆ ಕೂರುವವರಿಗೂ ಇದೇ ಲೆಕ್ಕ.

ದಿಟ್ಟಿಸಿ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕೂ ಕಡಿಮೆಯಾಗುತ್ತದೆ, ಉರಿ ಅದರಿಂದಲೇ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ ಎನ್ನುತ್ತಾರೆ. ರಾತ್ರಿ ಅಂಗಳದಲ್ಲಿ ನೋಡಲು ಇರುವುದು ಕತ್ತಲು ಮಾತ್ರ! ತುಳಸಿಕಟ್ಟೆಯ ಹತ್ತಿರ ಒಂದು ಸಣ್ಣ ಬಲ್ಬು ಹಾಕಿಡಿ, ಅದನ್ನು ನೋಡುತ್ತ ಹತ್ತು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಬರುವ ಕಡೆ ಕೂರಬೇಡಿ.

ತಲೆನೋವಿನ ಸಾದಾ ಮಾತ್ರೆ ತಿಂಗಳಲ್ಲಿ 15 ದಿನ, ಹಲವು ಔಷಧ ಬೆರೆಸಿದ ಮಾತ್ರೆ 10 ದಿನ ಮುಟ್ಟಿದರೆ ಮಾತ್ರೆಯೇ ತಲೆನೋವು ತರಬಹುದು. ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ, ಕಣ್ಣು ನೋವಿನ ಜೊತೆ ವಾಂತಿ ಬಂದು ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಂದಿಬಟ್ಟಲ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ರಸ ಹಿಂಡಿ ಕಣ್ಣಿಗೆ ಬಿಡಬೇಡಿ. ಸಿಪ್ಪೆಯ ಚೂರು ಹಾರಿ ಕಣ್ಣಿಗೆ ಬಿದ್ದರಂತೂ ಚೊಗರು ಹತ್ತಿದ ಕೈಯಿಂದ ಉಜ್ಜಲೇಬೇಡಿ. ಸಸ್ಯದ ಚೂರಿನಿಂದ ಗೀರಾದ ಕರಿಗುಡ್ಡೆಗೆ ಶಿಲೀಂಧ್ರ ತಗುಲಿ ಹುಣ್ಣಾಗಬಹುದು, ವಾಸಿಯಾಗಲು ವಾರಗಟ್ಟಲೆ ಬೇಕು. ಕೈ ತೊಳೆದು, ಕಾಯಿಸಿ ಆರಿಸಿದ ನೀರನ್ನು ಕಣ್ಣಿಗೆ ಧಾರೆಯಾಗಿ ಬಿಡಿ. ಚುಚ್ಚುವುದು ನಿಲ್ಲದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸಿನಲ್ಲಿ ಸ್ಟೆರಾಯ್ಡ್ ಇದ್ದರೆ ಆ ಶಿಲೀಂಧ್ರಕ್ಕೆ ಗೊಬ್ಬರ ಹಾಕಿದಂತೆ.