ಪೆಲೆಟ್ ಬಿದ್ದಲ್ಲಿ ಹಳದಿ ಚುಕ್ಕಿ

ಹತ್ತು ಮೀಟರ್ ದೂರದ ಟಾರ್ಗೆಟ್‌ನ ನಡುವಿನ ಕಪ್ಪು ವೃತ್ತಕ್ಕೆ, ಅಂದರೆ ಬುಲ್‌ಗೆ ಬಿದ್ದ ಏರ್‌ಗನ್ ಪೆಲೆಟ್‌ನ ತೂತು ಬರಿಗಣ್ಣಿಗೆ ಕಾಣುವುದೇ ಇಲ್ಲ ಎನ್ನಬೇಕು. ಪುಟ್ಟ ಸೀಸದ ಗುಂಡಾದ ಈ ಪೆಲೆಟ್‌ನ ಅಗಲ 4.5 ಮಿ.ಮೀ. ಅಷ್ಟು ದೂರದಲ್ಲಿ ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದ್ದು ಸುಮಾರು 3 ಮಿ.ಮೀ., ಅದೂ ಬಿಳಿಯ ಮೇಲೆ ಕಪ್ಪಿದ್ದರೆ. ಕಪ್ಪಿನೊಳಗೆ ಕಪ್ಪು ತೂತು ಬಿದ್ದರೆ ಯಾವ ಕಣ್ಣೂ ಕೆಲಸಕ್ಕೆ ಬಾರದು. ಐದು ಹೊಡೆತಕ್ಕೊಮ್ಮೆ ಎದ್ದುಹೋಗಿ ನೋಡಿ ಬರುವುದರಲ್ಲೇ ಬೆಳಗಿನ ಅಭ್ಯಾಸ ಅರ್ಧ ಮುಗಿದಿರುತ್ತದೆ. ತಾಗಿದಲ್ಲಿ ಬಣ್ಣ ಉದುರಿ ಹೊಳೆಯುವ ಟಾರ್ಗೆಟ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಚಿಂದಿ ಮಾಡಲೆಂದೇ ಕೊಳ್ಳುವ ಹಾಳೆಗೆ ಅಷ್ಟು ದುಡ್ಡು ಸುರಿಯಲು ಮನಸ್ಸು ಬರುವುದಿಲ್ಲ. ಒಂದು ಭಾನುವಾರ ತಾರಸಿಯ ಮೇಲೆ ಕೂತು ಮಾಡಿಟ್ಟ ಹಾಳೆಗಳ ಲೆಕ್ಕ ಇದು.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ: ಕಪ್ಪು ಕಾಗದದ ಹಿಂದೆ ಹಳದಿ ಕಾಗದ ಇಟ್ಟರೆ ತೂತಿನಲ್ಲಿ ಹಳದಿ ಕಾಣಬೇಕಲ್ಲ? ಕಾಣುವುದಿಲ್ಲ. ಪೆಲೆಟ್ ಎರಡನ್ನೂ ಒಟ್ಟಿಗೇ ಕೊರೆದುಕೊಂಡು ಹೋಗುತ್ತದೆ. ಬೇಕಾಗಿರುವುದು ತೂತಲ್ಲ, ತೂತಿನ ಸುತ್ತ ಉದುರುವ ಬಣ್ಣ. ಅದಕ್ಕೆ ಮೂರು ಪದರ ಬೇಕು: ಕೆಳಗೆ ಹೊಳೆಯುವ ಕಾಗದ, ನಡುವೆ ನುಣುಪಾದ ಪ್ಲಾಸ್ಟಿಕ್ ಟೇಪು, ಮೇಲೆ ಕಪ್ಪು ಬಣ್ಣ. ನುಣುಪು ಪ್ಲಾಸ್ಟಿಕ್‌ಗೆ ಬಣ್ಣ ಗಟ್ಟಿಯಾಗಿ ಹಿಡಿಯುವುದಿಲ್ಲ. ಪೆಲೆಟ್ ಹೊಕ್ಕಾಗ ಟೇಪು ಎಳೆದುಕೊಳ್ಳುತ್ತದೆ, ಎಳೆತ ತಾಳದ ಕಪ್ಪು ಚಕ್ಕೆಯಾಗಿ ಹಾರುತ್ತದೆ. ತೂತಿಗಿಂತ ದೊಡ್ಡ ಹಳದಿ ಬಳೆಯೊಂದು ಉಳಿಯುತ್ತದೆ.

ಕಾಗದಕ್ಕೆ ಸ್ಟೇಷನರಿ ಅಂಗಡಿಯ ಎ4 ನಿಯಾನ್ ಹಾಳೆ ಸಾಕು. ರೇಡಿಯಂ ಸ್ಟಿಕ್ಕರ್ ಅಂಟಿಸುವವರ ಹತ್ತಿರ ಉಳಿದ ತುಂಡುಗಳು ಸಿಕ್ಕರೂ ಆದೀತು (ಹೆಸರಷ್ಟೇ, ಅದರಲ್ಲಿ ರೇಡಿಯಂ ಇರುವುದಿಲ್ಲ). ಕಣ್ಣಿಗೆ ಹಗಲಲ್ಲಿ ಅತಿ ಚೆನ್ನಾಗಿ ಕಾಣುವುದು ಹಳದಿ ಬೆರೆತ ಹಸಿರು. 1972ರಲ್ಲಿ ಟೆನಿಸ್ ಚೆಂಡಿಗೆ ಹಳದಿ ಬಂದದ್ದೂ ಕಾಣಲೆಂದೇ. ಗುಲಾಬಿ ಬೇಡ, ಸಂಜೆಗೆ ಮಂಕಾಗುತ್ತದೆ. ಈ ಹಾಳೆಗಳು ಬಿಸಿಲಿಗೆ ಬೇಗ ಬಣ್ಣ ಕಳೆದುಕೊಳ್ಳುವುದರಿಂದ ಕತ್ತಲಲ್ಲಿ ಇಡಬೇಕು.

ಟೇಪು ಎರಡಿಂಚಿನ ಪಾರದರ್ಶಕ ಪ್ಯಾಕಿಂಗ್ ಟೇಪು, ಅಂದರೆ 48 ಮಿ.ಮೀ. ಒಂದರ ಮೇಲೊಂದು 3 ಮಿ.ಮೀ. ಏರಿಸಿ ಅಂಟಿಸಿದರೆ ಐದು ಪಟ್ಟಿ 228 ಮಿ.ಮೀ. ಆಗಿ, 210 ಮಿ.ಮೀ. ಅಗಲದ ಎ4 ಪೂರ್ತಿ ಮುಚ್ಚುತ್ತದೆ. ಹಾಳೆಗೆ ಹೆಚ್ಚುಕಡಿಮೆ 1.6 ಮೀಟರ್, 65 ಮೀಟರ್ ಸುರುಳಿಯಲ್ಲಿ 40 ಹಾಳೆ. ಗುಳ್ಳೆ ನಿಂತರೆ ಆ ಜಾಗದಲ್ಲಿ ಕಪ್ಪು ಅಡ್ಡಾದಿಡ್ಡಿ ಏಳುತ್ತದೆ, ಹಾಗಾಗಿ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಕ್ಕೆ ಉಜ್ಜಬೇಕು. ಬರೆಯಲು ಬರುವ ಮಬ್ಬು ಟೇಪು ತರಬಾರದು. ಅದರ ತರಿಗೆ ಬಣ್ಣ ಕಚ್ಚಿಕೊಂಡು ಉದುರುವುದೇ ಇಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಕಪ್ಪಿನಲ್ಲೇ. ಹೊಳಪಿಲ್ಲದ ಕಪ್ಪು ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, 25–30 ಸೆಂ.ಮೀ. ದೂರದಿಂದ ಕೈ ನಿಲ್ಲಿಸದೆ ಬೀಸಿಕೊಂಡು ಹೋಗಬೇಕು. ಮೊದಲ ಸುತ್ತಿಗೆ ಹಳದಿ ಇಣುಕುತ್ತಲೇ ಇರಲಿ. ಹತ್ತು ನಿಮಿಷ ಬಿಟ್ಟು ಅಡ್ಡ ದಿಕ್ಕಿನಲ್ಲಿ ಇನ್ನೊಂದು ತೆಳು ಸುತ್ತು. ಆಸೆಪಟ್ಟು ಮೂರು, ನಾಲ್ಕು ಸುತ್ತು ಹೊಡೆದರೆ ಬಣ್ಣವೇ ರಬ್ಬರಿನ ಹಾಗೆ ಹಾಳೆಯಾಗಿ, ಚಕ್ಕೆ ಹಾರುವ ಬದಲು ಸುಮ್ಮನೆ ತೂತಾಗುತ್ತದೆ. ಅದೇ ದಿನ ಹೊಡೆಯಲು ಕೂತರೂ ಇದೇ ಗತಿ. ಮುಟ್ಟಿದರೆ ಒಣಗಿದ ಬಣ್ಣ ಒಳಗಿನ್ನೂ ಮೆತ್ತಗಿರುತ್ತದೆ. ಒಂದು ರಾತ್ರಿ ಕಳೆಯಲೇಬೇಕು, ಎರಡು ದಿನವಾದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ತೇವಕ್ಕೆ ಕಪ್ಪಿನ ಮೇಲೆ ಬಿಳಿ ಮಬ್ಬು ಕೂರುತ್ತದೆ. ಬಣ್ಣ ಹೊಡೆಯುವುದು ಬಯಲಲ್ಲಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಒಲೆಯಿಂದ ದೂರ.

ಡಬ್ಬಿ ದುಬಾರಿ ಎನಿಸಿದರೆ ಕಪ್ಪು ಅಕ್ರಿಲಿಕ್ ಬಣ್ಣ ಎರಡು ಚಮಚ, ಪಾತ್ರೆ ತೊಳೆಯುವ ದ್ರವ ಒಂದು ಚಮಚ ಕಲಸಿ ಅಗಲ ಬ್ರಷ್‌ನಿಂದ ಬಳಿಯಬಹುದು. ಮಕ್ಕಳು ಮನೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಮಾಡುವುದು ಹೀಗೆಯೇ. ಸೋಪಿಲ್ಲದ ನೀರು ಬಣ್ಣ ಕೆಸುವಿನೆಲೆಯ ಮೇಲಿನ ಹನಿಯಂತೆ ಟೇಪಿನ ಮೇಲೆ ಮುದ್ದೆಗಟ್ಟುತ್ತದೆ. ಇದರ ದೋಷವೆಂದರೆ ಸಾಗಿಸುವಾಗಲೇ ಉದುರುವುದು. ಹಾಳೆಗಳ ನಡುವೆ ದಿನಪತ್ರಿಕೆ ಇಟ್ಟು ಮಲಗಿಸಿ ಒಯ್ಯಬೇಕು.

ಪಿಸ್ತೂಲಿಗೆ ದುಂಡು ಬುಲ್ ಬೇಕು. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಕಪ್ಪಿನ ಅಡ್ಡಳತೆ 59.5 ಮಿ.ಮೀ. ಮನೆಯಲ್ಲಿ 2-6 ಅಳತೆಯ ಬಳೆ ಇದ್ದರೆ ಅದರ ಒಳಗಳತೆ 60.3, ಒಳಗಂಚಿಗೆ ಪೆನ್ಸಿಲ್ ತಾಗಿಸಿ ಗೆರೆ ಎಳೆದರೆ ಒಂದು ಕೂದಲು ಒಳಗೆ ಬಂದು ಲೆಕ್ಕ ಸರಿಹೋಗುತ್ತದೆ. ರಟ್ಟಿನ ಮೇಲೆ ಎಳೆದ ಆ ಗೆರೆಯಲ್ಲಿ ಕತ್ತರಿಸಿ, ತೂತಾದ ರಟ್ಟನ್ನು ಟೇಪು ಹಚ್ಚಿದ ಹಾಳೆಯ ಮೇಲೆ ಇಟ್ಟು, ಅಂಚಿಗೆ ನಾಣ್ಯ ಹೇರಿ, ನೆಟ್ಟಗೆ ಮೇಲಿಂದ ಬಣ್ಣ ಬಿಡಬೇಕು. ಓರೆಯಾಗಿ ಬಿಟ್ಟರೆ ಕಪ್ಪು ಕೆಳಗೆ ನುಸುಳಿ ಅಂಚು ಹೊಗೆಯಾಗುತ್ತದೆ. ರೈಫಲ್‌ನ ಬುಲ್ 30.5 ಮಿ.ಮೀ.; ಒಂದು ಎ4ನಲ್ಲಿ ಆರು ಆರಾಮಾಗಿ ಹಿಡಿಯುತ್ತವೆ. ಬಂದೂಕಿಗೆ ಸ್ಕೋಪ್ (ಗುರಿಯ ದುರ್ಬೀನು) ಹಾಕಿದವರಿಗೆ ಬುಲ್ ಬೇಡ, ಪೂರ್ತಿ ಕಪ್ಪು ಹಾಳೆಯೇ ಸಾಕು. ಒಣಗಿದ ಮೇಲೆ ಕೈವಾರದಲ್ಲಿ ಖಾಲಿ ರೀಫಿಲ್ ಸಿಕ್ಕಿಸಿ ಗೀರಿದರೆ ಕಪ್ಪಿನಲ್ಲಿ ದಾರದಂಥ ಹಳದಿ ವೃತ್ತ ಮೂಡುತ್ತದೆ. ಇಡೀ ಕೆಲಸದಲ್ಲಿ ಖುಷಿ ಕೊಡುವ ಗಳಿಗೆ ಅದೇ.

ಹಾಳೆಯನ್ನು ಗಾಳಿಗೆ ತೂಗಾಡುವಂತೆ ನೇತುಹಾಕಿದರೆ ಹರಿಯುತ್ತದೆ. ರಟ್ಟಿನ ಪೆಟ್ಟಿಗೆಯ ಮುಖಕ್ಕೆ ಬಿಗಿಯಾಗಿ ಅಂಟಿಸಿ, ಪೆಟ್ಟಿಗೆಗೆ ಹಳೇ ಬಟ್ಟೆ ಒತ್ತಿ ತುಂಬಿ, ಅದರ ಹಿಂದೆ ಕೆಳಮುಖವಾಗಿ ಓರೆಯಾದ ಕಬ್ಬಿಣದ ತಗಡು ನಿಲ್ಲಿಸಬೇಕು. ಒಂದೇ ಜಾಗಕ್ಕೆ ಬಿದ್ದೂ ಬಿದ್ದೂ ಬಟ್ಟೆ ಸುರಂಗವಾಗುವುದರಿಂದ ಆಗಾಗ ಕಲಕಿ ತುಂಬಬೇಕು. ಕಲ್ಲು ಗೋಡೆಗೆ ನೇರ ಅಂಟಿಸಿ ಹೊಡೆಯುವುದು ಬೇಡವೇ ಬೇಡ, ಕಣ್ಣಿಗೆ ಕನ್ನಡಕ ಇದ್ದರೂ. ಸೀಸದ ಪೆಲೆಟ್ ಹಿಡಿದ ಕೈ ತೊಳೆಯದೆ ತಿಂಡಿಗೆ ಕೂರಬಾರದು.

ಪೆಲೆಟ್ ಚಪ್ಪಟೆ ತಲೆಯದ್ದೇ ಇರಲಿ. ಅದು ದುಂಡಗೆ ಕತ್ತರಿಸುತ್ತದೆ, ಚೂಪು ತಲೆಯದ್ದು ಟೇಪನ್ನು ಸೀಳಿಕೊಂಡು ಹೋಗುತ್ತದೆ. ತಾಗಿದ್ದು ಕೂತಲ್ಲಿಗೇ ಗೊತ್ತಾಗುವ ವಿಷಯದಲ್ಲಿ ಕೊಡಗಿನ ಕೈಲ್ ಮುಹೂರ್ತ ಹಬ್ಬದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿಯನ್ನು ಮೀರಿಸುವ ಟಾರ್ಗೆಟ್ ಇಲ್ಲ ಬಿಡಿ, ಆದರೆ ದಿನಕ್ಕೆ ಐವತ್ತು ಕಾಯಿ ಯಾರು ಕೊಡುತ್ತಾರೆ?

ಅಂಕ ಎಣಿಸಲು ಈ ಹಾಳೆ ಬಾರದು. ಚಕ್ಕೆ ಹಾರಿದಲ್ಲಿ ವೃತ್ತದ ಗೆರೆಯೂ ಹಾರಿರುತ್ತದೆ, ಒಂಬತ್ತೋ ಹತ್ತೋ ಎಂದು ಜಗಳವಾಗುತ್ತದೆ. ಇನ್ನೊಂದು ತೊಂದರೆ ಹೊಡೆಯುವವರದ್ದೇ: ಹಳದಿ ನೋಡುವ ಆತುರಕ್ಕೆ ಬಂದೂಕಿನ ಕುದುರೆ (ಟ್ರಿಗರ್) ಎಳೆದ ತಕ್ಷಣ ತಲೆ ಎತ್ತುತ್ತಾರೆ, ಪೆಲೆಟ್ ನಳಿಕೆ ದಾಟುವ ಮೊದಲೇ ಬಂದೂಕು ಅಲುಗುತ್ತದೆ. ತೂತುಗಳ ಗುಂಪು ಮೇಲಕ್ಕೆ ಹರಡಲು ಶುರುವಾದರೆ ಈ ಹಾಳೆ ತೆಗೆದು, ಕೊನೆಯ ಇಪ್ಪತ್ತು ಹೊಡೆತ ಮಾಮೂಲಿ ಅಚ್ಚಿನ ಕಾರ್ಡಿಗೆ ಹೊಡೆಯುವುದೇ ಸರಿ.