ಅಷ್ಟೆಲ್ಲಾ ಬಿಯರ್ ಮಾಡ್ತೀರಲ್ಲ, ನಿಮಗೆ ಯಾವುದಿಷ್ಟ?

ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ, ಅಂದರೆ ತಾನೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಪಬ್‌ನಲ್ಲಿ, ಬಿಯರ್ ಮಾಡುವುದು ನನ್ನ ಕೆಲಸ. ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರ ಮುಂದಿನ ಮಾತು ನನಗೆ ಗೊತ್ತು. "ಹಾಗಾದ್ರೆ ಎಲ್ಲಕ್ಕಿಂತ ಒಳ್ಳೇ ಬಿಯರ್ ಯಾವುದು? ನೀವೇನು ಕುಡೀತೀರ?" ಪಬ್‌ಗೆ ಬರುವವರು ಜೋರಾಗಿಯೇ ಕೇಳುತ್ತಾರೆ. ಬೀಗರೂಟದಲ್ಲಿ ಸಿಗುವ ಮಾವಂದಿರು ಪಕ್ಕಕ್ಕೆ ಕರೆದು, ಯಾವ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು ಅಂತ ವಿಚಾರಿಸುವಷ್ಟೇ ಗಂಭೀರವಾಗಿ ಕೇಳುತ್ತಾರೆ: "ನಿಜ ಹೇಳಪ್ಪ, ಯಾವುದು ತಗೊಂಡ್ರೆ ಒಳ್ಳೇದು?"

ಕಾಯಿಸುವುದಿಲ್ಲ, ಹೇಳಿಬಿಡುತ್ತೇನೆ. ನನಗೆ ತುಂಬಾ ಇಷ್ಟ ಜೆಕ್ ದೇಶದ ಪಿಲ್ಸ್ನರ್ ಉರ್ಕ್ವೆಲ್. ಅದರ ಹಿಂದೆಯೇ ಜರ್ಮನಿಯ ಬವೇರಿಯಾ ಪ್ರಾಂತ್ಯದ ಗೋಧಿ ಬಿಯರ್ ಶ್ನೈಡರ್ ವೈಸೆ. ಚಳಿ ಇದ್ದರೆ ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್, ಅದೂ ಟ್ಯಾಪ್‌ನಿಂದ ಹಿಡಿದದ್ದು. ಹೆಸರಷ್ಟೇ ಬೇಕಿದ್ದವರು ಇಲ್ಲಿಂದಲೇ ಅಂಗಡಿಗೆ ಹೊರಡಬಹುದು. ಆದರೆ ಅಲ್ಲಿ ಸಿಗುವ ಬಾಟ್ಲಿಯಲ್ಲಿ ನಾನು ಹೇಳಿದ ರುಚಿ ಇರುತ್ತೆ ಅನ್ನುವ ಗ್ಯಾರಂಟಿ ನಾನು ಕೊಡಲ್ಲ. ಅದು ಯಾಕೆ ಅನ್ನುವುದೇ ಉಳಿದ ಕಥೆ.

ಬಿಯರ್ ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಡುತ್ತೇನೆ. ಏನೋ ಮಾತಾಡುತ್ತಾ ಇರುವಾಗ ಕೈ ತಾನಾಗೇ ಮತ್ತೆ ಗ್ಲಾಸಿಗೆ ಹೋಯಿತಾ? ಹೋದರೆ ಅದು ಒಳ್ಳೇ ಬಿಯರ್. ಮೊದಲ ಗುಟುಕಿಗೆ "ಅಬ್ಬಾ" ಅನ್ನಿಸುವ ಬಿಯರ್‌ಗಳು ಬೇಕಾದಷ್ಟಿವೆ. ಮಾವಿನಹಣ್ಣು ಹಾಕಿದ್ದು, ಚಾಕೊಲೇಟ್ ಹಾಕಿದ್ದು, ಇನ್ನೇನೇನೋ. ಅರ್ಧ ಗ್ಲಾಸ್ ಆಗುವಷ್ಟರಲ್ಲಿ ಸಾಕು ಅನ್ನಿಸುತ್ತೆ. ಬೇಸಿಗೆ ಬಂದರೆ ನಾನೂ ಮಾವಿನ ಬಿಯರ್ ಮಾಡುತ್ತೇನೆ, ಚೆನ್ನಾಗಿ ಖರ್ಚಾಗುತ್ತೆ. ಡ್ಯೂಟಿ ಮುಗಿಸಿ ಕೂತಾಗ ಮಾತ್ರ ಆ ಟ್ಯಾಪ್ ಕಡೆ ಹೋಗುವುದಿಲ್ಲ.

ಕೈ ವಾಪಸ್ ಹೋಗುವ ಹಾಗೆ ಮಾಡುವುದು ಕಹಿ. ಹೆಚ್ಚಿನವರು ಇದನ್ನು ನಂಬಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತೆ. ಮಗುವಿನ ಸರಿಗೆ ಅಂತ ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಒಣಗಿಸುತ್ತಾರಲ್ಲ, ಅದೂ ಮಾಲ್ಟೇ. ಮಾಲ್ಟನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದರೆ ಅದರ ಹಿಟ್ಟಿನ ಅಂಶ ಸಕ್ಕರೆಯಾಗುತ್ತೆ. ಆ ನೀರನ್ನು ಸೋಸಿ ಬಾಯಿಗಿಟ್ಟು ನೋಡಿದರೆ ಮುಖಕ್ಕೆ ಹೊಡೆಯುವ ಸಿಹಿ. ಯೀಸ್ಟ್ ಅದರಲ್ಲಿ ಮುಕ್ಕಾಲು ಪಾಲು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತೆ. ಸ್ವಲ್ಪ ಸಿಹಿ ಹಾಗೇ ಉಳಿಯುತ್ತೆ. ಉಳಿದ ಆ ಸಿಹಿಯನ್ನು ನಾಲಿಗೆಯಿಂದ ಒರೆಸಿ ಹಾಕುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ. ಬಾಯಿ ಸ್ವಚ್ಛವಾಗಿ, ಸ್ವಲ್ಪ ಒಣಗಿದ ಹಾಗಾಗುತ್ತೆ. ಆಗ ಇನ್ನೊಂದು ಗುಟುಕು ಬೇಕು ಅನ್ನಿಸುತ್ತೆ. ಕಹಿ ಕಮ್ಮಿಯಾದರೆ ಸಿಹಿ ಅಂಟಿಕೊಂಡಿರುತ್ತೆ, ಜಾಸ್ತಿಯಾದರೆ ಕಹಿಯೇ ಅಂಟಿಕೊಳ್ಳುತ್ತೆ. ಆ ಹದ ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು.

ಪಿಲ್ಸ್ನರ್ ಉರ್ಕ್ವೆಲ್‌ನಲ್ಲಿ ಆ ಹದ ಇದೆ. ಅದು ಹುಟ್ಟಿದ್ದು ಜಗಳದಿಂದ. ಈಗಿನ ಜೆಕ್ ದೇಶದ ಭಾಗವಾದ ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಬಿಯರ್ ಎಷ್ಟು ಕೆಟ್ಟು ಹೋಗಿತ್ತು ಅಂದರೆ, 1838ರಲ್ಲಿ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚರಂಡಿಗೆ ಸುರಿದರು. ಆಮೇಲೆ ಊರಿನವರೇ ಸೇರಿ ಹೊಸ ಬ್ರೂವರಿ ಕಟ್ಟಿಸಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರನ್ನು ಕರೆಸಿಕೊಂಡರು. 1842ರ ಅಕ್ಟೋಬರ್ 5ರಂದು ಅವನು ಮೊದಲ ಬ್ಯಾಚ್ ಬೇಯಿಸಿದ. ಸ್ಥಳೀಯ ಬಾರ್ಲಿಯನ್ನು ಕಪ್ಪಾಗದ ಹಾಗೆ ಒಣಗಿಸಿದ್ದರು. ಹತ್ತಿರದ ಸಾಟ್ಸ್ ಪ್ರದೇಶದ ಘಮಘಮಿಸುವ ಹಾಪ್ಸ್ ಇತ್ತು. ತಂಪಿನಲ್ಲಿ ನಿಧಾನಕ್ಕೆ ಹುದುಗುವ ಬವೇರಿಯಾದ ಯೀಸ್ಟ್ ಇತ್ತು; ಹೀಗೆ ತಂಪಿನಲ್ಲಿ ಹುದುಗಿಸಿದ ಬಿಯರಿಗೆ ಲಾಗರ್ ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಊರಿನ ನೀರು ತೀರಾ ಮೆದು, ಲವಣ ಬಹಳ ಕಮ್ಮಿ. ಮೆದು ನೀರಿನಲ್ಲಿ ಹಾಪ್ಸ್ ಎಷ್ಟು ಹಾಕಿದರೂ ಕಹಿ ಒರಟಾಗುವುದಿಲ್ಲ. ಬಂಗಾರದ ಬಣ್ಣದ, ಗ್ಲಾಸಿನ ಆಚೆ ಬದಿ ಕಾಣುವಷ್ಟು ತಿಳಿಯಾದ ಬಿಯರ್ ಹೊರಬಂತು. ಇವತ್ತು ಜಗತ್ತಿನಲ್ಲಿ ಕುಡಿಯುವ ಬಿಯರ್‌ನಲ್ಲಿ ಬಹುಪಾಲು ಅದರ ಮಕ್ಕಳು, ಮೊಮ್ಮಕ್ಕಳು. ನಮ್ಮ ಕಿಂಗ್‌ಫಿಷರ್ ಕೂಡ.

ಪಿಲ್ಸೆನ್‌ನ ಬ್ರೂವರಿಗೆ ಹೋದವರಿಗೆ ನೆಲದಡಿಯ ತಣ್ಣನೆಯ ಸುರಂಗಗಳಲ್ಲಿ ನಡೆಸಿ, ಓಕ್ ಮರದ ಪೀಪಾಯಿಯಿಂದ ಸೋಸದ, ಪಾಶ್ಚರೀಕರಿಸದ ಬಿಯರ್ ಹಿಡಿದು ಕೊಡುತ್ತಾರೆ. ಸ್ವಲ್ಪ ಮಬ್ಬಾಗಿರುತ್ತೆ. ಮೊದಲು ಹೊಸ ಬ್ರೆಡ್ಡಿನ ಅಂಚಿನ ರುಚಿ, ಆಮೇಲೆ ಹಸಿ ಹುಲ್ಲಿನ ಘಮ, ಕೊನೆಗೆ ಕಹಿ. ಆಲ್ಕೋಹಾಲ್ ಶೇ. 4.4 ಮಾತ್ರ. ಗ್ಲಾಸ್ ಯಾವಾಗ ಖಾಲಿಯಾಯಿತು ಅಂತ ತಿಳಿಯಲ್ಲ.

ಅಲ್ಲಿ ಕಂಡ ಇನ್ನೊಂದು ವಿಷಯ ನೊರೆ. ಮೂರು ಬೆರಳು ದಪ್ಪ ನೊರೆ ಇಲ್ಲದೆ ಗ್ಲಾಸ್ ಕೊಡುವುದೇ ಇಲ್ಲ. ನಮ್ಮಲ್ಲಿ ಅಷ್ಟು ನೊರೆ ಕೊಟ್ಟರೆ "ಏನ್ ಸಾರ್, ಅರ್ಧ ಗಾಳಿ ಕೊಟ್ಟಿದೀರ" ಅಂತ ಗ್ಲಾಸ್ ವಾಪಸ್ ಬರುತ್ತೆ. ಹಾಗಾಗಿ ನಮ್ಮ ಹುಡುಗರು ಗ್ಲಾಸ್ ಓರೆ ಮಾಡಿ, ಒಂದು ಗುಳ್ಳೆಯೂ ಏಳದ ಹಾಗೆ ಜೋಪಾನವಾಗಿ ತುಂಬುವುದನ್ನು ಕಲಿತುಬಿಟ್ಟಿದ್ದಾರೆ. ಆ ಗ್ಯಾಸ್ ಗ್ಲಾಸಿನಲ್ಲಿ ಬಿಡುಗಡೆಯಾಗದಿದ್ದರೆ ಹೊಟ್ಟೆಯಲ್ಲಿ ಆಗುತ್ತೆ. "ಬಿಯರ್ ಕುಡಿದ್ರೆ ಹೊಟ್ಟೆ ಉಬ್ಬರ" ಅನ್ನುವವರು ಒಮ್ಮೆ ನೊರೆ ಬರಿಸಿ ಕುಡಿದು ನೋಡಿ. ಘಮ ಮೂಗಿಗೆ ಬರುವುದೂ ನೊರೆಯಿಂದಲೇ. ಗ್ಲಾಸಿನಲ್ಲಿ ಎಣ್ಣೆ ಜಿಡ್ಡು ಒಂದಿಷ್ಟು ಇದ್ದರೂ ನೊರೆ ನಿಲ್ಲಲ್ಲ. ಗೋಬಿ ಮಂಚೂರಿ ತಿಂದ ತುಟಿಯೂ ಅದೇ ಕೆಲಸ ಮಾಡುತ್ತೆ.

ಈಗ ಕಿಂಗ್‌ಫಿಷರ್ ವಿಷಯ. ಬ್ರೂಪಬ್ ಮನುಷ್ಯ ಅದನ್ನು ಬೈಯ್ತಾನೆ ಅಂತ ಜನ ಕಾಯುತ್ತಿರುತ್ತಾರೆ. ನಾನು ಬೈಯಲ್ಲ. 1915ರಲ್ಲಿ ಶುರುವಾದ ಯುನೈಟೆಡ್ ಬ್ರೂವರೀಸ್ 1978ರಲ್ಲಿ ತಂದ ಬಿಯರ್ ಅದು. ಈಗ ಆ ಕಂಪನಿಯಲ್ಲಿ ಹೆಚ್ಚಿನ ಪಾಲು ಹೈನೆಕೆನ್‌ನದು. ಅವತ್ತು ತಯಾರಾದದ್ದಕ್ಕೂ ಇವತ್ತು ತಯಾರಾದದ್ದಕ್ಕೂ ರುಚಿಯಲ್ಲಿ ವ್ಯತ್ಯಾಸ ಬರದ ಹಾಗೆ ಲಕ್ಷಗಟ್ಟಲೆ ಬಾಟ್ಲಿ ತುಂಬುವುದು ಎಷ್ಟು ಕಷ್ಟ ಅಂತ ಬ್ರೂವರ್‌ಗೆ ಗೊತ್ತು. ಏಪ್ರಿಲ್ ಮಧ್ಯಾಹ್ನ, ಚಿಲ್ಡ್ ಬಾಟ್ಲಿ, ಜೊತೆಗೆ ಕಾಂಗ್ರೆಸ್ ಕಡ್ಲೆಬೀಜ. ಅಲ್ಲಿಗೆ ಅದು ಸರಿಯಾದ ಬಿಯರ್. ಸ್ವಲ್ಪ ಬೆಚ್ಚಗಾದರೆ ಮಾತ್ರ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯಲ್ಲ.

ಸ್ಟ್ರಾಂಗ್ ಬಿಯರ್ ಬಗ್ಗೆ ನನಗೆ ಅಷ್ಟು ಉದಾರತೆ ಇಲ್ಲ. ಶೇ. 8ರವರೆಗೆ ಆಲ್ಕೋಹಾಲ್, ಕಹಿ ಕಮ್ಮಿ, ಸಿಹಿ ಜಾಸ್ತಿ, ಗಂಟಲಲ್ಲಿ ಉರಿ. ಕೈ ಮತ್ತೆ ಗ್ಲಾಸಿಗೆ ಹೋಗುತ್ತೆ ನಿಜ, ಆದರೆ ರುಚಿಗಾಗಿ ಅಲ್ಲ. ಕಮ್ಮಿ ದುಡ್ಡಿಗೆ ಕಿಕ್ ಬೇಕು ಅನ್ನುವುದು ಅರ್ಥವಾಗುವ ಮಾತೇ. ಅದಕ್ಕೆ ಉತ್ತರ ಹೇಳಲು ನನ್ನ ಹತ್ತಿರ ಬರಬೇಕಾಗಿಲ್ಲ.

ಬಿಯರ್ ಮಾತು ಬಂದಲ್ಲೆಲ್ಲಾ ಗ್ಲಿಸರಿನ್ ಮಾತೂ ಬರುತ್ತೆ. ನಮ್ಮ ದೇಶದ ಬಿಯರ್‌ಗೆ ಕೆಡದಿರಲು ಗ್ಲಿಸರಿನ್ ಹಾಕುತ್ತಾರೆ, ಅದರಿಂದಲೇ ತಲೆನೋವು ಅನ್ನುವ ನಂಬಿಕೆ. ಅದಕ್ಕೆ ಒಂದು ಪ್ರಯೋಗವೂ ಇದೆ. ಜಗ್ಗಿನಲ್ಲಿ ನೀರು ತುಂಬಿ, ಬಾಟ್ಲಿಯ ಮುಚ್ಚಳ ತೆಗೆದು ಬಾಯಿ ನೀರಿನೊಳಗೆ ಇರುವ ಹಾಗೆ ಬೋರಲು ಹಿಡಿಯುತ್ತಾರೆ. ಎಳೆ ಎಳೆಯಾಗಿ ಏನೋ ಇಳಿಯುತ್ತೆ. "ನೋಡು, ಗ್ಲಿಸರಿನ್!" ಅನ್ನುತ್ತಾರೆ. ಅಲ್ಲಿ ಇಳಿಯುತ್ತಿರುವುದು ಬಿಯರೇ. ಹುದುಗಿದ ಮೇಲೂ ಉಳಿದ ಸಕ್ಕರೆ ಅಂಶದಿಂದ ಅದು ನೀರಿಗಿಂತ ಸ್ವಲ್ಪ ತೂಕ. ಅದಕ್ಕೇ ಕೆಳಗಿಳಿಯುತ್ತೆ, ಹಗುರವಾದ ನೀರು ಆ ಜಾಗಕ್ಕೆ ಮೇಲೇರುತ್ತೆ. ಜರ್ಮನಿಯ ಬಾಟ್ಲಿ ಹಿಡಿದರೂ ಇದೇ ಆಗುತ್ತೆ. ಯೀಸ್ಟ್ ತಾನೇ ಒಂದಿಷ್ಟು ಗ್ಲಿಸರಿನ್ ತಯಾರಿಸುವುದು ಹೌದು, ಅದು ಎಲ್ಲಾ ಬಿಯರ್‌ನಲ್ಲೂ ವೈನ್‌ನಲ್ಲೂ ಇರುತ್ತೆ. ಪ್ರಯೋಗ ಮುಗಿಯುವಷ್ಟರಲ್ಲಿ ಜಗ್ಗಿಗೆ ಹೋದದ್ದು ದುಡ್ಡು ಕೊಟ್ಟ ಬಿಯರ್, ಬಾಟ್ಲಿಗೆ ಬಂದದ್ದು ನಲ್ಲಿ ನೀರು.

ಬಿಯರ್ ನಿಜವಾಗಿ ಕೆಡುವುದು ಮೂರರಿಂದ: ಬಿಸಿ, ಬೆಳಕು, ಗಾಳಿ. ಬಾಟ್ಲಿ ಬ್ರೂವರಿ ಬಿಟ್ಟ ಮೇಲೆ ಡಿಪೋ, ಲಾರಿ, ಅಂಗಡಿಯ ಗೋಡೌನ್ ಎಲ್ಲಾ ಸುತ್ತಿ ಬರುತ್ತೆ. ಎಲ್ಲೋ ಒಂದು ಕಡೆ ಬೇಸಿಗೆ ಬಿಸಿಲಿಗೆ ಕೂತಿತ್ತು ಅಂದರೆ ಒದ್ದೆ ರಟ್ಟಿನ ವಾಸನೆ ಶುರುವಾಗುತ್ತೆ. ಇನ್ನು ಬೆಳಕು. ಬಿಸಿಲಿನಲ್ಲಿ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಥರ ನಾತ ಬರುತ್ತೆ. ಹೊರಗಡೆ ಬಿಸಿಲಿನಲ್ಲಿಟ್ಟ ಗ್ಲಾಸಿನಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಬಾಟ್ಲಿ ಇದನ್ನು ಚೆನ್ನಾಗಿ ತಡೆಯುತ್ತೆ, ಹಸಿರು ಬಾಟ್ಲಿ ಅಷ್ಟಾಗಿ ತಡೆಯಲ್ಲ, ಬಿಳಿ ಗಾಜಂತೂ ಇದ್ದೂ ಇಲ್ಲದ ಹಾಗೆ. ತಮಾಷೆ ಏನು ಅಂದರೆ, ಹಸಿರು ಬಾಟ್ಲಿಯ ಆ ನಾತವನ್ನೇ "ಫಾರಿನ್ ಟೇಸ್ಟ್" ಅಂದುಕೊಂಡು ಮೆಚ್ಚುವವರಿದ್ದಾರೆ. ಕ್ಯಾನ್ ಸಿಕ್ಕರೆ ಕ್ಯಾನ್ ತಗೊಳ್ಳಿ. ಬಾಟ್ಲಿಯಾದರೆ ಲೇಬಲ್ ತಿರುಗಿಸಿ ತಯಾರಾದ ತಾರೀಖು ನೋಡಿ. ಹೆಸರು ನೋಡುವುದು ಅದಾದ ಮೇಲೆ. ಹಡಗಿನಲ್ಲಿ ಬಂದ, ಹಳೆಯದಾದ ಪಿಲ್ಸ್ನರ್ ಉರ್ಕ್ವೆಲ್‌ಗಿಂತ ಹೋದ ತಿಂಗಳು ತುಂಬಿದ ಇಲ್ಲಿಯ ಲಾಗರ್ ನನಗೆ ವಾಸಿ.

ಹಾಗೆ ನೋಡಿದರೆ ಬೆಂಗಳೂರಿನವರು ಪುಣ್ಯವಂತರು. 2011ರ ಆಸುಪಾಸಿನಿಂದ ಇಲ್ಲಿ ಬ್ರೂಪಬ್‌ಗಳು ಬಂದವು. ಟ್ಯಾಂಕಿಗೂ ಗ್ಲಾಸಿಗೂ ನಡುವೆ ಇರುವುದು ಒಂದು ಪೈಪು ಮಾತ್ರ. ಅಲ್ಲಿ ಊರಿಗೆ ಊರೇ ಮೆಚ್ಚಿದ್ದು ಗೋಧಿಯ ಬಿಯರ್. ಅದರ ಜರ್ಮನ್ ಬಗೆಯಾದ ಹೆಫೆವೈಜನ್ ಕುಡಿದು "ಬಾಳೆಹಣ್ಣಿನ ಎಸೆನ್ಸ್ ಹಾಕ್ತೀರಾ?" ಅಂತ ಕೇಳುವವರು ಬಹಳ. ಏನೂ ಹಾಕಲ್ಲ. ಬಾಳೆಹಣ್ಣಿನ ಘಮ, ಲವಂಗದ ಘಮ ಎರಡೂ ಯೀಸ್ಟ್ ಮಾಡುವ ಕೆಲಸ. ನುಚ್ಚನ್ನು ನೀರಿನಲ್ಲಿ 45 ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿದರೆ ಆಮೇಲೆ ಲವಂಗ ಜಾಸ್ತಿ ಬರುತ್ತೆ. ಹುದುಗುವಾಗ ಟ್ಯಾಂಕ್ ಬೆಚ್ಚಗಾಗಲು ಬಿಟ್ಟರೆ ಬಾಳೆಹಣ್ಣು ಜಾಸ್ತಿ. ನನಗೆ ಲವಂಗ ಒಂದು ಕೈ ಮುಂದಿರಬೇಕು, ನಮ್ಮ ಮ್ಯಾನೇಜರ್‌ಗೆ ಬಾಳೆಹಣ್ಣು. ಶ್ನೈಡರ್ ವೈಸೆಯಲ್ಲಿ ಲವಂಗ ಮುಂದಿದೆ, ನನಗೆ ಅಷ್ಟು ಸಾಕು. ಬವೇರಿಯಾದಲ್ಲಿ ಗೋಧಿ ಬಿಯರ್ ಮಾಡುವ ಹಕ್ಕು ಬಹಳ ಕಾಲ ರಾಜಮನೆತನದ ಕೈಯಲ್ಲೇ ಇತ್ತು. 1872ರಲ್ಲಿ ಗೇಯೋರ್ಗ್ ಶ್ನೈಡರ್ ಎಂಬುವನು ದೊರೆ ಎರಡನೇ ಲುಡ್ವಿಗ್‌ನಿಂದ ಆ ಹಕ್ಕು ಪಡೆದ. ಆ ಮನೆತನವೇ ಇಂದಿಗೂ ಅದನ್ನು ಮಾಡುತ್ತಿದೆ.

ಬೆಲ್ಜಿಯಂನ ವಿಟ್‌ಬಿಯರ್ ಬೇರೆ ಜಾತಿ. ಅದಕ್ಕೆ ಮೊಳಕೆ ಬರಿಸದ ಗೋಧಿ, ಕಿತ್ತಳೆ ಸಿಪ್ಪೆ, ಮತ್ತೆ ಕೊತ್ತಂಬರಿ ಬೀಜ. ಹೌದು, ಸಾರಿನ ಪುಡಿಗೆ ಬೀಳುವ ಅದೇ ಧನಿಯ. ಬರೀ ಬಾರ್ಲಿ, ಹಾಪ್ಸ್, ನೀರು ಅಂತ 1516ರಲ್ಲೇ ಕಾನೂನು ಮಾಡಿದ್ದ ಬವೇರಿಯಾದವರ ಕಣ್ಣಲ್ಲಿ ಇದು ಅಪರಾಧ. ಹೂಗಾರ್ಡನ್ ಎಂಬ ಊರಿನಲ್ಲಿ ಇಂಥ ಬಿಯರ್ ಮಾಡುತ್ತಿದ್ದ ಕೊನೆಯ ಬ್ರೂವರಿ 1957ರಲ್ಲಿ ಮುಚ್ಚಿತು. ಆ ಬ್ರೂವರಿಯ ಕೆಲಸದಲ್ಲಿ ಕೈಜೋಡಿಸಿದ್ದ, ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ 1960ರ ದಶಕದಲ್ಲಿ ಅದನ್ನು ಮತ್ತೆ ಶುರು ಮಾಡದಿದ್ದರೆ ನಮ್ಮ ಪಬ್‌ಗಳ ಅರ್ಧ ವ್ಯಾಪಾರ ಇರುತ್ತಿರಲಿಲ್ಲ.

ಗಿನ್ನೆಸ್ ಬಗ್ಗೆ ಒಂದೇ ಮಾತು. ಕಪ್ಪಗಿದೆ ಅಂತ ಅದನ್ನು ಸ್ಟ್ರಾಂಗ್ ಅಂದುಕೊಳ್ಳುತ್ತಾರೆ. ಟ್ಯಾಪ್‌ನಿಂದ ಬರುವ ಗಿನ್ನೆಸ್‌ನಲ್ಲಿ ಆಲ್ಕೋಹಾಲ್ ಶೇ. 4.2, ಅಂದರೆ ಮಾಮೂಲಿ ಲಾಗರ್‌ಗಿಂತಲೂ ಕಮ್ಮಿ. ಬಣ್ಣ ಬರುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ. ಕೆನೆಯಂಥ ನೊರೆ ಬರುವುದು ನೈಟ್ರೋಜನ್‌ನಿಂದ, ಅದನ್ನು ಅವರು ಬಳಸಲು ಶುರು ಮಾಡಿದ್ದು 1959ರಲ್ಲಿ.

ಇಷ್ಟೆಲ್ಲಾ ಕೇಳಿದ ಮೇಲೂ "ಸರಿ, ಪಬ್‌ಗೆ ಹೋದ್ರೆ ಯಾವುದು ತಗೊಳ್ಳಲಿ ಹೇಳಿ" ಅನ್ನುತ್ತಾರೆ. ಬೋರ್ಡಿನಲ್ಲಿ ಪಿಲ್ಸ್ನರ್ ಅಥವಾ ಬೇರೆ ಯಾವುದೇ ಲಾಗರ್ ಇದ್ದರೆ ಮೊದಲು ಅದನ್ನು ತಗೊಳ್ಳಿ. ಗೋಧಿ ಬಿಯರ್ ಎರಡು ವಾರದಲ್ಲಿ ತಯಾರಾಗುತ್ತೆ. ಲಾಗರ್ ಸೊನ್ನೆ ಡಿಗ್ರಿಯ ಹತ್ತಿರ ವಾರಗಟ್ಟಲೆ ಮಲಗಬೇಕು. ಅಷ್ಟು ಹೊತ್ತಿಗೆ ಅದೇ ಟ್ಯಾಂಕಿನಲ್ಲಿ ಇನ್ನೂ ಎರಡು ಬ್ಯಾಚ್ ಮಾಡಿ ಮಾರಬಹುದಿತ್ತು. ಓನರ್‌ಗೆ ಇದನ್ನು ಒಪ್ಪಿಸುವುದು ಬ್ರೂವರ್‌ಗಳ ದೊಡ್ಡ ತಲೆನೋವು. ಒಪ್ಪಿಸಿ ಮಾಡಿದ ಮೇಲೂ ಲಾಗರ್‌ನಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ. ಹಣ್ಣಿಲ್ಲ, ಮಸಾಲೆಯಿಲ್ಲ, ಹುರಿದ ಘಮವಿಲ್ಲ. ಅದು ಚೆನ್ನಾಗಿದ್ದರೆ ಆ ಪಬ್‌ನ ಉಳಿದ ಟ್ಯಾಪ್‌ಗಳನ್ನೂ ಧೈರ್ಯವಾಗಿ ನಂಬಬಹುದು. ಜೊತೆಗೆ ಕಾಣೆ ಫ್ರೈ ಸಿಕ್ಕರೆ ಇನ್ನೇನೂ ಬೇಡ. ಕೊಡಗಿನ ಪಂದಿ ಕರಿ ಇದ್ದರೆ ಮಾತ್ರ ಸ್ವಲ್ಪ ಗಾಢ ಬಣ್ಣದ್ದು ಕೇಳಿ.

ಗ್ಲಾಸ್ ಬಂದ ಮೇಲೆ ಒಮ್ಮೆ ಮೂಸಿ ನೋಡಿ. ಬೆಣ್ಣೆ ವಾಸನೆ ಹೊಡೆದರೆ ಅದನ್ನು ಅವಸರದಲ್ಲಿ ಟ್ಯಾಂಕಿನಿಂದ ಇಳಿಸಿರುವ ಸಾಧ್ಯತೆ ಜಾಸ್ತಿ. ದಾವಣಗೆರೆ ದೋಸೆಯಲ್ಲಿ ಅದು ಬೇಕು, ಲಾಗರ್‌ನಲ್ಲಿ ಬೇಡ. ಸಂಕೋಚ ಪಡದೆ ವಾಪಸ್ ಕಳಿಸಿ, ಅದು ನಮ್ಮ ಪಬ್ ಆಗಿದ್ದರೂ ಸರಿ.