ಅಡಿಕೆ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ಯಾವ ಮಿನಿ ಟ್ರ್ಯಾಕ್ಟರ್ ತಗೊಳ್ಳಲಿ?

ಮೂರ್ನಾಲ್ಕು ಎಕರೆ ಅಡಿಕೆ, ಮೇಲೆ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು), ಎರಡರ ನಡುವೆ ಕಡಿದಾದ ಮಣ್ಣು ದಾರಿ. ಸಾಗರ, ಸಿದ್ದಾಪುರ, ಸಿರ್ಸಿ, ತೀರ್ಥಹಳ್ಳಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಎಷ್ಟು ಎಚ್‌ಪಿ ತಗೊಳ್ಳಲಿ? ಯಾವ ಕಂಪನಿ ಒಳ್ಳೇದು?"

ಚುಟುಕು ಉತ್ತರ ಬೇಕೆಂದರೆ, 20ರಿಂದ 25 ಎಚ್‌ಪಿಯ, ಫೋರ್ ವೀಲ್ ಡ್ರೈವ್ ಇರುವ, ಆಯಿಲ್ ಬ್ರೇಕ್ ಇರುವ ಗಾಡಿ. ಆದರೆ ಎಚ್‌ಪಿಯನ್ನು ಕೊನೆಗೆ ನೋಡಿ. ನಮ್ಮ ಮಲೆನಾಡಿನ ಜಾಗದಲ್ಲಿ ಗಾಡಿಯನ್ನು ನಿಲ್ಲಿಸುವುದು ಶಕ್ತಿಯ ಕೊರತೆಯಲ್ಲ. ಒಂದೋ ಅದು ಒಳಗೆ ಹೋಗುವುದಿಲ್ಲ, ಇಲ್ಲವೇ ಇಳಿಜಾರಿನಲ್ಲಿ ಹಿಡಿತಕ್ಕೆ ಸಿಗುವುದಿಲ್ಲ.

ಅಗಲದ ಲೆಕ್ಕ ಮೊದಲು. ಅಡಿಕೆಗೆ ಶಿಫಾರಸು ಮಾಡಿದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಕಾಗದದ ಮೇಲೆ ನಾಲ್ಕು ಅಡಿ ಅಗಲದ ಟ್ರ್ಯಾಕ್ಟರ್‌ಗೆ ಧಾರಾಳ ಜಾಗ. ತೋಟದಲ್ಲಿ ಹಾಗಿರುವುದಿಲ್ಲ. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಎರಡೂ ಕಡೆಯಿಂದ ಒಂದೊಂದು ಅಡಿ ತಿನ್ನುತ್ತದೆ, ನಡುವೆ ಬಾಳೆಯೋ ಕೋಕೋವೋ ಇರುತ್ತದೆ, ನೆಲದ ಮೇಲೆ ಡ್ರಿಪ್ ಪೈಪು. ಹಳೆಯ ತೋಟಗಳಲ್ಲಿ ಸಾಲೂ ನೇರವಿಲ್ಲ, ಅಂತರವೂ ಇನ್ನೂ ಕಡಿಮೆ. ಆದ್ದರಿಂದ ಶೋರೂಮಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಐದು ಅಡಿಯ ಬಿದಿರು ಗಳ ಕಡಿದು, ಸೊಂಟದ ಎತ್ತರಕ್ಕೆ ಅಡ್ಡ ಹಿಡಿದು, ಟ್ರ್ಯಾಕ್ಟರ್ ಓಡಬೇಕಾದ ದಾರಿಯುದ್ದಕ್ಕೂ ನಡೆಯಿರಿ. ಗಳ ಎಲ್ಲೆಲ್ಲಿ ತಾಗುತ್ತದೋ ಅಲ್ಲಿ ಗುರುತು ಹಾಕಿ. ನಾಲ್ಕು ಅಡಿ ಗಾಡಿಗೆ ಎರಡೂ ಬದಿ ಅರ್ಧ ಅಡಿ ಬಿಟ್ಟರೆ ಸಿಗುವ ಅಳತೆ ಅದು. ಸಾಲಿನ ಕೊನೆಯಲ್ಲಿ ತಿರುಗಲು ಜಾಗ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಒಳಗೆ ಹೋದ ಗಾಡಿಯನ್ನು ಟ್ರೈಲರ್ ಸಮೇತ ಹಿಮ್ಮುಖವಾಗಿ ಹೊರತರುವುದು ದಿನಾ ಮಾಡುವ ಕೆಲಸವಲ್ಲ.

ಹಾಗೆಂದು ಸಿಕ್ಕಿದ್ದರಲ್ಲೇ ಅತಿ ಕಿರಿದಾದದ್ದನ್ನು ಆರಿಸಬೇಡಿ. ಚಕ್ರಗಳ ನಡುವಿನ ಅಂತರ ಕಡಿಮೆಯಾದಷ್ಟೂ ಓರೆ ನೆಲದಲ್ಲಿ ಮಗುಚುವ ಅಪಾಯ ಹೆಚ್ಚು. ಹಿಂದಿನ ಚಕ್ರದ ಡಿಸ್ಕ್ ತಿರುಗಿಸಿ ಕಟ್ಟಿ ಅಗಲ ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ ಎಂದು ಕೇಳಿ. ಬಂದರೆ ಬೆಟ್ಟದ ಕೆಲಸದ ದಿನಗಳಲ್ಲಿ ಅಗಲಿಸಿ ಇಟ್ಟುಕೊಳ್ಳಬಹುದು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಣಿವೆಯ ತೋಟದ ಒಳಗೆ ಟ್ರ್ಯಾಕ್ಟರ್ ಹೋಗದಿದ್ದರೇ ಒಳ್ಳೆಯದು. ಈ ವರ್ಗದ ಗಾಡಿಯೂ ಅರ್ಧ ಟನ್ನಿಗಿಂತ ಹೆಚ್ಚು ತೂಗುತ್ತದೆ. ಹಸಿ ಮಣ್ಣಿನ ಮೇಲೆ ನಾಲ್ಕು ಸಲ ಓಡಿದರೆ ನೆಲ ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ, ಬಸಿಗಾಲುವೆಯ ಅಂಚು ಕುಸಿಯುತ್ತದೆ. ಕಾಲುವೆ ಎಷ್ಟು ಆಳವೋ ಕನಿಷ್ಠ ಅಷ್ಟು ದೂರದಲ್ಲಿ ಚಕ್ರ ಇರಬೇಕು. ಎರಡಡಿ ಆಳದ ಕಾಲುವೆ ಇರುವ ಸಾಲಿನಲ್ಲಿ ಈ ನಿಯಮ ಪಾಲಿಸಿದರೆ ಓಡಿಸಲು ಜಾಗವೇ ಉಳಿಯುವುದಿಲ್ಲ. ಮಣ್ಣು ಕೊಚ್ಚುವ ರೋಟವೇಟರ್ ಅಂತೂ ಬೇಡವೇ ಬೇಡ. ಅಡಿಕೆಯ ಆಹಾರ ಹೀರುವ ಬೇರುಗಳು ಬುಡದ ಸುತ್ತ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಅವನ್ನು ಕತ್ತರಿಸಿ ಗೊಬ್ಬರ ಹಾಕಿ ಏನು ಪ್ರಯೋಜನ? ಕಳೆಗೆ ಬ್ರಷ್ ಕಟ್ಟರ್ ಸಾಕು. ತೋಟದ ಅಂಚಿನಲ್ಲಿ ಒಂದು ಗಟ್ಟಿ ದಾರಿ ಮಾಡಿ, ಅಲ್ಲಿಂದ ಒಳಕ್ಕೆ ಕೈಗಾಡಿ ಬಳಸಿ. ದಾರಿ ಕಾಲುವೆ ದಾಟುವಲ್ಲಿ ಅಡಿಕೆ ದಬ್ಬೆಯ ಸಂಕ (ಸಣ್ಣ ಸೇತುವೆ) ನಂಬಬೇಡಿ. ಗಟ್ಟಿ ದರ್ಜೆಯ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಹೂತು, ಮೇಲೆ ಒಂದು ಅಡಿಯಾದರೂ ಮಣ್ಣು ಹಾಕಿ ಬಡಿಯಿರಿ.

ಔಷಧಿ ಸಿಂಪಡಣೆಗೂ ಒಳಗೆ ಹೋಗಬೇಕಿಲ್ಲ. ಕೊಳೆ ರೋಗಕ್ಕೆ ಮಳೆಗಾಲದ ಆರಂಭದಲ್ಲಿ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ಹೊಡೆಯುತ್ತೇವೆ. ಎರಡನೆಯದರ ಹೊತ್ತಿಗೆ ನೆಲ ಕೆಸರಾಗಿರುತ್ತದೆ. ಗಾಡಿ ದಾರಿಯಲ್ಲೇ ನಿಂತಿರಲಿ, ಪಿಟಿಒಗೆ (ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಹಿಂದಿನ ತಿರುಗುವ ದಂಡ) ಎಚ್‌ಟಿಪಿ ಪಂಪ್, ಅಂದರೆ ಹೆಚ್ಚು ಒತ್ತಡದ ಸಿಂಪಡಣೆ ಪಂಪ್ ಜೋಡಿಸಿ ಹೋಸ್ ಎಳೆದುಕೊಳ್ಳಿ. ಈ ಪಂಪಿಗೆ ಐದು ಎಚ್‌ಪಿ ಕೂಡ ಬೇಕಾಗುವುದಿಲ್ಲ. ದೊಡ್ಡ ಎಂಜಿನ್ ಬೇಕು ಅನ್ನುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ತುತ್ತದ ನೀರು ಕಬ್ಬಿಣ ತಿನ್ನುತ್ತದೆ. ಪ್ಲಾಸ್ಟಿಕ್ ಡ್ರಮ್ ಬಳಸಿ, ಸಂಜೆ ಗಾಡಿಯ ಹಿಂಭಾಗ ತೊಳೆದೇ ಒಳಗಿಡಿ.

ಟ್ರ್ಯಾಕ್ಟರಿನ ನಿಜವಾದ ಪರೀಕ್ಷೆ ಬೆಟ್ಟದ ದಾರಿ. ದರಗು (ಒಣಗಿ ಉದುರಿದ ಎಲೆ), ಸೊಪ್ಪು, ಕಟ್ಟಿಗೆ ತುಂಬಿಕೊಂಡು ಇಳಿಯುವಾಗ ಏನಾಗುತ್ತದೆ ನೋಡಿ. ಬ್ರೇಕ್ ಇರುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಸಣ್ಣ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ ಬ್ರೇಕೇ ಇಲ್ಲ. ಹೇರು ಹಿಂದಿನಿಂದ ನೂಕುತ್ತದೆ, ಮಳೆಯಲ್ಲಿ ನೆನೆದ ಕೆಂಪು ಮಣ್ಣಿನಲ್ಲಿ ಹಿಂದಿನ ಚಕ್ರ ಜಾರುತ್ತದೆ, ಟ್ರೈಲರ್ ಪಕ್ಕಕ್ಕೆ ತಿರುಗಿ ಗಾಡಿಯನ್ನೇ ಅಡ್ಡ ಹಾಕುತ್ತದೆ. ಫೋರ್ ವೀಲ್ ಡ್ರೈವ್ ಬೇಕೆನ್ನುವುದು ಹತ್ತುವುದಕ್ಕಿಂತ ಹೆಚ್ಚಾಗಿ ಇದಕ್ಕೇ. ಫೋರ್ ವೀಲ್ ಲಿವರ್ ಹಾಕಿದ್ದರೆ ಎಂಜಿನ್ನಿನ ಹಿಡಿತ ಮುಂದಿನ ಚಕ್ರಗಳಿಗೂ ತಲುಪಿ ನಾಲ್ಕೂ ಸೇರಿ ಗಾಡಿಯನ್ನು ತಡೆಯುತ್ತವೆ. ಇಳಿಜಾರು ಶುರುವಾಗುವ ಮುಂಚೆಯೇ ಲೋ ಗೇರಿಗೆ ಹಾಕಿ, ನಡುವೆ ಕ್ಲಚ್ ಮುಟ್ಟಬೇಡಿ. ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಬೇಕು. ಒಂದೇ ಪೆಡಲ್ ಒತ್ತಿದರೆ ಗಾಡಿ ಆ ಕಡೆಗೆ ತಿರುಗಿಬಿಡುತ್ತದೆ. ಟ್ರೈಲರ್‌ಗೆ ಬ್ರೇಕ್ ಇಲ್ಲದಿದ್ದರೆ ಹೇರು ಮತ್ತು ಟ್ರೈಲರ್ ಸೇರಿ ಟ್ರ್ಯಾಕ್ಟರಿನ ತೂಕ ಮೀರದಂತೆ ನೋಡಿಕೊಳ್ಳಿ. ಟಾರು ರಸ್ತೆ ಸಿಕ್ಕೊಡನೆ ಫೋರ್ ವೀಲ್ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಆಕ್ಸಲ್‌ನ ಗೇರು ಸವೆದುಹೋಗುತ್ತದೆ. ಮುಂದಿನ ಟೈರ್ ಬದಲಿಸುವಾಗ ಅದೇ ಅಳತೆಯದ್ದನ್ನು ಜೋಡಿಯಾಗಿಯೇ ಹಾಕಿಸಬೇಕಾದದ್ದೂ ಇದೇ ಕಾರಣಕ್ಕೆ.

ಬ್ರೇಕ್ ಯಾವ ಬಗೆಯದೆಂದು ಕೇಳದೆ ಮುಂಗಡ ಕೊಡಬೇಡಿ. ಡ್ರೈ ಬ್ರೇಕಿಗೆ ಕೆಸರು ನೀರು ಹೊಕ್ಕರೆ ಹಿಡಿತ ಹೋಗುತ್ತದೆ. ಆಯಿಲ್ ಬ್ರೇಕಿನ ಡಿಸ್ಕ್‌ಗಳು ಎಣ್ಣೆಯಲ್ಲಿ ಮುಳುಗಿದ್ದು ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತವೆ, ಮಳೆಗಾಲಕ್ಕೆ ಅದೇ ಸರಿ.

ಗಾಳಿಗೆ ಬಿದ್ದ ಮರದ ದಿಮ್ಮಿ, ಅಕೇಶಿಯಾ, ಸಿಲ್ವರ್ ಓಕ್ ಎಳೆಯುವವರಿಗೆ ಒಂದೇ ಎಚ್ಚರಿಕೆ: ಸರಪಳಿ ಕಟ್ಟುವುದು ಕೆಳಗಿನ ಡ್ರಾಬಾರಿಗೆ (ಎಳೆಯುವ ಪಟ್ಟಿಗೆ) ಮಾತ್ರ. ಟಾಪ್ ಲಿಂಕಿಗೋ ಸೀಟಿನ ಹಿಂದಿನ ಎತ್ತರದ ಕೊಂಡಿಗೋ ಕಟ್ಟಿ ಎಳೆದಾಗ ದಿಮ್ಮಿ ಬೇರಿಗೆ ಸಿಕ್ಕಿಕೊಂಡರೆ, ಹಿಂದಿನ ಚಕ್ರ ನಿಂತಲ್ಲೇ ನಿಂತು ಮೂತಿ ಮೇಲೇಳುತ್ತದೆ. ಎರಡು ಸೆಕೆಂಡಿನೊಳಗೆ ಗಾಡಿ ಚಾಲಕನ ಮೇಲೆ ಮಗುಚಿರುತ್ತದೆ, ಕ್ಲಚ್ ಒತ್ತಲೂ ಸಮಯ ಸಿಗುವುದಿಲ್ಲ. ಆದ್ದರಿಂದ ರೋಲ್ ಬಾರ್ (ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು) ಮತ್ತು ಸೀಟ್ ಬೆಲ್ಟ್ ಇರುವ ಗಾಡಿಯನ್ನೇ ಕೇಳಿ. ಮಡಚುವ ರೋಲ್ ಬಾರ್ ಆದರೆ ತಗ್ಗು ಕೊಂಬೆಗಳ ಕೆಳಗೂ ಹೋಗಬಹುದು. ಅದನ್ನು ಮಡಚಿದ್ದಾಗ ಮಾತ್ರ ಬೆಲ್ಟ್ ಹಾಕಬಾರದು.

ಬೇಸಿಗೆಯ ಬೆಟ್ಟದಲ್ಲಿ ಕಾಲಡಿಯೆಲ್ಲ ಒಣ ದರಗು. ಸೈಲೆನ್ಸರ್ ಕೆಳಮುಖವಾಗಿರುವ ಗಾಡಿ ಅಲ್ಲಿ ಬೆಂಕಿಗೆ ದಾರಿ. ಮೇಲ್ಮುಖವಾಗಿರುವುದನ್ನು ಆರಿಸಿ, ಬಿಸಿ ಗಾಡಿಯನ್ನು ದರಗಿನ ರಾಶಿಯ ಮೇಲೆ ನಿಲ್ಲಿಸಬೇಡಿ. ರೇಡಿಯೇಟರ್ ಜಾಲರಿಗೆ ಎಲೆಪುಡಿ ಕಟ್ಟಿ ಎಂಜಿನ್ ಕಾಯುತ್ತದೆ, ಹಾಗಾಗಿ ಅದು ಕೈಯಲ್ಲೇ ಬಿಚ್ಚಿ ಕೊಡವುವಂತಿರಬೇಕು. ದಾರಿ ಸವರುವಾಗ ಗಿಡಗಂಟಿಗಳನ್ನು ಕತ್ತಿಯಿಂದ ಓರೆಯಾಗಿ ಕೊಚ್ಚಿದರೆ ಉಳಿಯುವ ಚೂಪು ಕೂಳೆ ಟೈರಿನ ಪಕ್ಕಕ್ಕೇ ಚುಚ್ಚುತ್ತದೆ. ಅಲ್ಲಿ ಆದ ತೂತಿಗೆ ಪಂಕ್ಚರ್ ಹಾಕಿದರೂ ನಿಲ್ಲುವುದಿಲ್ಲ. ನೆಲಮಟ್ಟಕ್ಕೆ ಕಡಿಯಿರಿ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸವಲತ್ತು, ಒಡೆತನವಲ್ಲ ಎಂಬುದೂ ನೆನಪಿರಲಿ. ಟ್ರ್ಯಾಕ್ಟರ್ ಬಂತೆಂದು ಮರ ಕಡಿದು ದಾರಿ ಅಗಲಿಸುವಂತಿಲ್ಲ.

ಇನ್ನು ಹೆಸರುಗಳು. ಈ ಕೆಲಸಕ್ಕೆ ಹೋಲಿಸಿ ನೋಡಬೇಕಾದವು ಕುಬೋಟಾ ಎ211ಎನ್ (21 ಎಚ್‌ಪಿ), ಕುಬೋಟಾ ಬಿ2441 (24 ಎಚ್‌ಪಿ), ಮಹೀಂದ್ರಾ ಜೀವೋ 245 (24 ಎಚ್‌ಪಿ). ಕುಬೋಟಾ ಎರಡೂ ಮೂರು ಸಿಲಿಂಡರಿನವು, ಅದುರುವುದು ಕಡಿಮೆ. ಜೀವೋ ಎರಡು ಸಿಲಿಂಡರಿನದು, ಕಡಿಮೆ ಸುತ್ತಿನಲ್ಲೇ ಎಳೆತ ಚೆನ್ನಾಗಿದೆ. ತೋಟ ಇಕ್ಕಟ್ಟಾದರೆ ಎ211ಎನ್, ಬೆಟ್ಟದ ಹೇರೇ ಮುಖ್ಯವಾದರೆ 24ರ ಎರಡರಲ್ಲಿ ಒಂದು. ಆ ಎರಡರಲ್ಲಿ ಯಾವುದು ಅನ್ನುವುದನ್ನು ನಿಮ್ಮ ಊರಿಗೆ ಹತ್ತಿರದ ಸರ್ವೀಸ್ ತೀರ್ಮಾನಿಸಲಿ. ಕ್ಲಚ್ ಪ್ಲೇಟ್, ಮುಂದಿನ ಆಕ್ಸಲ್ ಸೀಲ್ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಮಾರುವವರನ್ನಲ್ಲ, ಅಲ್ಲಿನ ಮೆಕ್ಯಾನಿಕ್‌ನನ್ನು ಕೇಳಿ. ಡೆಮೊ ಶೋರೂಮಿನ ಅಂಗಳದಲ್ಲಿ ಬೇಡ, ನಿಮ್ಮ ಬೆಟ್ಟದ ದಾರಿಯಲ್ಲೇ, ತುಂಬಿದ ಟ್ರೈಲರ್‌ ಜೊತೆ ಆಗಲಿ. ಸಹಾಯಧನ ಬೇಕಿದ್ದರೆ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಸಂಖ್ಯೆ ಇಟ್ಟುಕೊಂಡು ಮೊದಲು ಇಲಾಖೆಗೆ ಅರ್ಜಿ ಹಾಕಿ, ಮಂಜೂರಾದ ಮೇಲೆ ಕೊಳ್ಳಿ.

ಎರಡು ಎಕರೆಗಿಂತ ಕಡಿಮೆ ಇದ್ದು ಬೆಟ್ಟದ ಹೇರೂ ಹೆಚ್ಚಿಲ್ಲದಿದ್ದರೆ ಕೊಳ್ಳಲೇಬೇಡಿ, ಬಾಡಿಗೆ ಗಾಡಿ ಸಾಕು. ಹಳೆಯದನ್ನು ಕೊಳ್ಳುವವರು ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಒಳಗೆ ನೀರು ಹೊಕ್ಕಿದೆ. ಆಯಿಲ್ ಬ್ರೇಕಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಡಿಸ್ಕ್‌ಗಳೂ ಅದೇ ಎಣ್ಣೆಯಲ್ಲಿ ಇರುತ್ತವೆ, ಬೆಲೆ ಎಷ್ಟೇ ಇಳಿಸಿದರೂ ಅಂಥದ್ದು ಬೇಡ.